"ಅದ್ರಾಗ ಏನ್ ಬರದಾರ್ರೀ ಅಕ್ಕಾರ?"

ಇವತ್ತು ಬೆಳಗ್ಗೆ ಇಲ್ಲಿ ಕಾಸರಗೋಡಿನ ಸೀತಾಂಗೋಳಿ ಕಡೆಯಿಂದ ಬರುವಾಗ ಕಂಡದ್ದು ಇನ್ನೂ ಕಣ್ಣ ಮುಂದೆಯೇ ಇದೆ. ಗುಡ್ಡ ಕಡಿದು ತಡೆಗೋಡೆಗೆ ಪಾಯ ತೋಡುತ್ತಿದ್ದರು. ಎರಡಾಳು ಆಳದ ಗುಂಡಿ. ಒಳಗೆ ಇಬ್ಬರು ಹುಡುಗರು. ಅಂಚಿಗೇ ಜೆಸಿಬಿ, ಅದರ ಪಕ್ಕದಲ್ಲೇ ತೆಗೆದ ಮಣ್ಣಿನ ರಾಶಿ. ರಾತ್ರಿಯಿಡೀ ಮಳೆ ಹೊಡೆದಿತ್ತು. ಗುಂಡಿಯ ಗೋಡೆಯಿಂದ ನೀರು ಜಿನುಗುತ್ತಿತ್ತು.

ಸ್ಕೂಟರ್ ನಿಲ್ಲಿಸಿ ಕೂಗಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡವೇ. ಒಬ್ಬ ತಲೆ ಎತ್ತಿ "ಏನ್ರೀ ಅಕ್ಕಾರ?" ಅಂದ. ಕೊಪ್ಪಳದ ಕಡೆಯವನು.

"ಮೇಲೆ ಬಾ ಮಾರಾಯ, ಮಣ್ಣು ಜರಿದರೆ?"

"ಗಟ್ಟಿ ಐತ್ರೀ, ಕಲ್ಲಿನಂಗ ಐತಿ."

ಇದೇ ನೋಡಿ. ಅವನ ತಪ್ಪಲ್ಲ. ಎರೆಮಣ್ಣಿನ ಊರಿಂದ ಬಂದವನಿಗೆ ನಮ್ಮ ಮುರಕಲ್ಲಿನ ಸ್ವಭಾವ ಹೇಗೆ ಗೊತ್ತಾಗಬೇಕು? ಮೇಲೆ ಕೆಂಪು ಕಲ್ಲು, ಬಂಡೆಯ ಹಾಗೆ. ಕೆಳಗೆ ಶೇಡಿ ಮಣ್ಣು, ಅಂದರೆ ಮೆತ್ತನೆಯ ಜೇಡಿ. ಬೇಸಿಗೆಯಲ್ಲಿ ಕಡಿದರೆ ಗೋಡೆ ಕಟ್ಟಿದ ಹಾಗೆ ನಿಲ್ಲುತ್ತದೆ. ನೀರು ಕುಡಿಯಿತೋ, ಬೆಣ್ಣೆಯ ಹಾಗೆ ಜಾರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೂ ಇದು ಗೊತ್ತು. ಆ ಹುಡುಗನಿಗೆ ಮಾತ್ರ ಯಾರೂ ಹೇಳಿಲ್ಲ.

ಮೇಲೆ ಬಂದವನು ಗೇಟಿನ ಬೋರ್ಡು ತೋರಿಸಿ ಕೇಳಿದ, "ಅದ್ರಾಗ ಏನ್ ಬರದಾರ್ರೀ ಅಕ್ಕಾರ?"

ಸುರಕ್ಷತೆಯ ಬೋರ್ಡು ಅದು. ಮಲಯಾಳದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು. ಮೂರು ತಿಂಗಳಿಂದ ಅದರ ಕೆಳಗೇ ನಡೆದು ಕೆಲಸಕ್ಕೆ ಹೋಗುತ್ತಿದ್ದಾನೆ. ಗುಂಡಿಗೆ ಆಧಾರ ಕೊಡದೆ ಇಳಿಯಬೇಡಿ ಎಂದು ಬರೆದಿತ್ತು. ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ನಮಗೆ ಇದು ಅರ್ಥವಾಗಬೇಕು. ಬೇರೆ ಯಾರಿಗೆ ಆಗದಿದ್ದರೂ ಕಾಸರಗೋಡಿನ ಕನ್ನಡಿಗರಿಗೆ ಆಗಬೇಕು. ಓದಲು ಬಾರದ ಭಾಷೆಯ ಕಾಗದ ಕೈಗೆ ಸಿಕ್ಕಿದಾಗ ಹೇಗಾಗುತ್ತದೆ ಎಂದು ನಮಗೆ ಗೊತ್ತಲ್ವಾ? ನಮ್ಮ ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬಂದಾಗ ಗೇಟಿನ ಎದುರು ನಾನೂ ಧರಣಿ ಕೂತಿದ್ದೆ, ನಿಮಗೆಲ್ಲ ನೆನಪಿದೆ. ಅಲ್ಲಿ ಹೋಗುವುದು ಮಕ್ಕಳ ಪಾಠ. ಇಲ್ಲಿ ಹೋಗುವುದು ಜೀವ.

ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್‌ಗಿಂತ ಜಾಸ್ತಿ ತೂಗುತ್ತದೆ. ತಲೆ ಹೊರಗಿದ್ದರೂ ಉಳಿಯುವುದು ಕಷ್ಟ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಆ ಜಾಗಕ್ಕೆ ಮಣ್ಣು ಇಳಿಯುತ್ತದೆ, ಮತ್ತೆ ಎಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ 1.5 ಮೀಟರಿಗಿಂತ ಆಳ ಹೋದರೆ ಬದಿ ಇಳಿಜಾರು ಮಾಡಬೇಕು, ಇಲ್ಲವೇ ಹಲಗೆ ಕೊಟ್ಟು ಆಧಾರ ನಿಲ್ಲಿಸಬೇಕು. ತೆಗೆದ ಮಣ್ಣು ಅಂಚಿನಿಂದ ಒಂದೂವರೆ ಮೀಟರಾದರೂ ದೂರ ಇರಬೇಕು. ಹತ್ತಿ ಬರಲು ಏಣಿ ಬೇಕು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಬೆಳಗ್ಗೆ ಚಾ ಕುಡಿಯುವಷ್ಟು ಹೊತ್ತು.

"ಹೆಲ್ಮೆಟ್ ಕೊಟ್ಟರೂ ಅವರೇ ಹಾಕುವುದಿಲ್ಲ" ಎಂದು ಯಾರಾದರೂ ಬರೆಯುತ್ತೀರಿ. ಇವತ್ತು ಮೇಸ್ತ್ರಿಯೂ ಅದನ್ನೇ ಹೇಳಿದರು. ಸರಿ, ಹಾಕುವುದಿಲ್ಲ. ಯಾಕೆ ಹಾಕಬೇಕು ಎಂದು ಅವನ ಭಾಷೆಯಲ್ಲಿ ಹೇಳಿದವರು ಯಾರು? ಸುಮ್ನೆ ಕೈಗೆ ಕೊಟ್ಟರೆ ತರಬೇತಿ ಆಗುತ್ತದಾ? ಅದೂ ಅಲ್ಲದೆ, ಎರಡಾಳು ಗುಂಡಿ ಜರಿದರೆ ಹೆಲ್ಮೆಟ್ ಏನು ಮಾಡುತ್ತದೆ?

ಹೇಳಿಕೊಡುವುದು ನಮಗೆ ಹೊಸತೂ ಅಲ್ಲ. ಇಲ್ಲೇ ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುತ್ತಿದ್ದವರು ದೀಪ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ದೀಪ ಮಂಕಾಯಿತೋ, ಗಾಳಿ ಸಾಲದು, ತಕ್ಷಣ ಹೊರಗೆ. ಹಿರಿಯವರು ಕಿರಿಯವರನ್ನು ಜೊತೆಗೆ ಇಟ್ಟುಕೊಂಡು ಕಲಿಸಿದ್ದು ಅದು. ಬೋರ್ಡು ನೇತುಹಾಕಿ ಅಲ್ಲ.

1996ರಲ್ಲೇ ಕಟ್ಟಡ ಕಾರ್ಮಿಕರಿಗೆಂದು ಕಾನೂನು ಬಂತು. 10 ಲಕ್ಷ ರೂಪಾಯಿ ಮೀರಿದ ಮನೆ ಕಟ್ಟಿಸಿದ ನಾವೆಲ್ಲ ಅವರ ಕಲ್ಯಾಣಕ್ಕೆಂದು ಶೇಕಡಾ 1 ಸೆಸ್ ಕಟ್ಟಿದ್ದೇವೆ. ಬಿದ್ದ ಮೇಲೆ ಪರಿಹಾರ ಸಿಗುತ್ತದೆ, ಸಿಗಬೇಕು. ಬೀಳದ ಹಾಗೆ ಹೇಳಿಕೊಡುವ ಹತ್ತು ನಿಮಿಷ ಎಲ್ಲಿ?

ಒಂದು ಮಾತು ಇಷ್ಟು ವರ್ಷ ಬರೆದಿರಲಿಲ್ಲ. ನಮ್ಮ ಮನೆ ಕಟ್ಟುವಾಗ ಸನ್‌ಶೇಡ್ ಸಾರಣೆಗೆ ಅಡಿಕೆ ಮರದ ಅಟ್ಟ ಕಟ್ಟಿದ್ದರು. ಹಗ್ಗ ಹಳತು ಎಂದು ನನಗೆ ಕಂಡಿತ್ತು. ಹೇಳಲಿಲ್ಲ, ಕೆಲಸ ನಿಲ್ಲುತ್ತದಲ್ಲ ಎಂದುಕೊಂಡೆ. ಒಬ್ಬ ಬಿದ್ದು ಕಾಲು ಮುರಿಯಿತು. ಆಸ್ಪತ್ರೆಯ ಬಿಲ್ಲು ಕೊಟ್ಟೆ. ಅವನ ಊರು ಯಾವುದು ಎಂದು ಕೂಡ ಕೇಳಲಿಲ್ಲ. ಇವತ್ತು ಆ ಹುಡುಗ ಮುಖ ಎತ್ತಿ ನೋಡಿದಾಗ ನೆನಪಾದದ್ದು ಅವನೇ.

ಮೇಸ್ತ್ರಿ ಹತ್ತಿರ ಮಾತಾಡಿದ್ದೇನೆ. ನಾಳೆ ಏಳೂಮುಕ್ಕಾಲಿಗೆ, ಯಾರೂ ಗುಂಡಿಗೆ ಇಳಿಯುವ ಮೊದಲು, ಹತ್ತು ನಿಮಿಷ ಕೊಡುತ್ತಾರಂತೆ. ಕನ್ನಡದಲ್ಲಿ ನಾನು ಹೇಳುತ್ತೇನೆ. ಅಲ್ಲಿ ಬಂಗಾಳದವರು ಆರು ಜನ ಇದ್ದಾರೆ. ನಿಮ್ಮಲ್ಲಿ ಬಂಗಾಳಿ ಬರುವವರು ಯಾರಾದರೂ ಇದ್ದರೆ ಇವತ್ತು ರಾತ್ರಿಯೊಳಗೆ ತಿಳಿಸಿ.