ಗುರುತು ಸಿಗದಿದ್ದರೂ ಹೋಗಿ ಬನ್ನಿ

ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಬಂದವರ ಮನೆಗೆ ಬರೋದನ್ನು ಮೊದಲು ಬಿಡುವವರು ಗೆಳೆಯರು. "ನಮ್ಮ ಗುರ್ತs ಸಿಗಂಗಿಲ್ಲ, ಹೋಗಿ ಏನ್ ಮಾಡೂದು?" ಅಂತಾರೆ. ನಮ್ಮ ಬಾಗಲಕೋಟೆಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದೆನೋ. ಕೇಳಿದಾಗಲೆಲ್ಲ ಸಂಕಟ ಆಗುತ್ತೆ.

ನಮ್ಮ ಕಾಕಾ ಗುಳೇದಗುಡ್ಡದಲ್ಲಿ ಖಣ (ಕುಪ್ಪಸದ ಬಟ್ಟೆ) ನೇಯುತ್ತಿದ್ದವರು. ಈಗ ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರೋದಿಲ್ಲ. ಅವರ ಜೊತೆ ನೇಯುತ್ತಿದ್ದ ಗೆಳೆಯರೊಬ್ಬರು ಆಗಾಗ ಬರ್ತಾರೆ, ಕೈಯಲ್ಲಿ ಒಂದಿಷ್ಟು ನೂಲು ಹಿಡಿದು. ಹರಿದ ಎಳೆ ಕೈಗೆ ಕೊಟ್ಟರೆ ಸಾಕು, ಕಾಕಾ ಎರಡು ತುದಿ ಕೂಡಿಸಿ, ಬೆರಳಲ್ಲಿ ಹೊಸೆದು ಗಂಟು ಹಾಕಿಬಿಡ್ತಾರೆ. ನೋಡೋದೂ ಬೇಡ. ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಆಲ್‌ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳೋದು ಮಿದುಳಿನಲ್ಲಿ ಹೊಸ ನೆನಪು ಹಿಡಿದಿಡುವ ಹಿಪೊಕ್ಯಾಂಪಸ್ ಭಾಗಕ್ಕೆ. ಕೈಗೆ ಕೂತ ಕೆಲಸ, ಬಾಯಿಗೆ ಬಂದ ಭಜನೆ ಎಷ್ಟೋ ಮಂದಿಗೆ ಜಾಸ್ತಿ ದಿನ ಉಳಿಯುತ್ತವೆ.

ಇನ್ನೊಂದು ಮಾತು. ಹಳೇ ಬಾಗಲಕೋಟೆಯ ಎಷ್ಟೋ ಮನೆಗಳು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದವು. ಜನ ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದರು. ಈಗ ಅಲ್ಲಿ ಕೂತ ಅಜ್ಜಿ "ಮನಿಗೆ ಹೋಗೂಣು ನಡೀರಿ" ಅಂದರೆ ಮೊಮ್ಮಕ್ಕಳಿಗೆ ಏನು ಗೊತ್ತಾಗಬೇಕು? ಆ ಓಣಿ, ಆ ಬಾವಿ, ಪಕ್ಕದ ಮನೆಯವರ ಜಗಳ, ಎಲ್ಲಾ ಬಲ್ಲವರು ಅವರ ಓರಗೆಯ ಗೆಳತಿಯರೇ. ಅವರೊಬ್ಬರು ಬಂದು ಜೊತೆಗೆ ಶೇಂಗಾ ಸುಲಿಯುತ್ತಾ ಕೂತರೆ ಅಜ್ಜಿಗೆ ಅದೆಷ್ಟು ಸಮಾಧಾನ! ಬಂದು ಹೋದದ್ದು ಮರೆಯಬಹುದು. ಆ ಖುಷಿ ಮಾತ್ರ ಆಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತೆ.

ಹೋದವರು ದಯವಿಟ್ಟು "ನಾ ಯಾರು ಹೇಳ್ರಿ ನೋಡೂಣು" ಅಂತ ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿ. ಟಿವಿ ಆಫ್ ಮಾಡಿಸಿ. ಚೌಕಾಬಾರಾ ಆಡುವಾಗ ಕಾಯಿ ತಪ್ಪು ಮನೆಗೆ ಹೋದರೆ ಹೋಗಲಿ ಬಿಡಿ. ಸಂಜೆಯಾದಂತೆ ಕೆಲವರಿಗೆ ಗೊಂದಲ, ಸಿಟ್ಟು ಜಾಸ್ತಿ ಆಗುತ್ತೆ, ಅಂಥವರನ್ನು ಬೆಳಗ್ಗೆ ನೋಡೋದು ಒಳ್ಳೆಯದು.

ಮನೆಯವರಿಗೂ ಒಂದು ವಿನಂತಿ. "ಜನ ಏನಂದಾರು" ಅಂತ ಬಾಗಿಲು ಹಾಕ್ಕೊಂಡು ಕೂರಬೇಡಿ. ಇದೊಂದು ಕಾಯಿಲೆ. ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿದೆ. ಇಡೀ ದಿನ ನೋಡಿಕೊಳ್ಳುವ ಸೊಸೆಗೆ, ಮಗಳಿಗೆ ಒಂದು ತಾಸು ಬಿಡುವು ಬೇಡವಾ? ಗೆಳೆಯರು ಬಂದರೆ ಅದೂ ಸಿಗುತ್ತೆ.

ನಿಮ್ಮ ವಾಕಿಂಗ್ ಗುಂಪಿಗೋ ಭಜನೆಗೋ ಬರೋದು ನಿಲ್ಲಿಸಿದವರು ಒಬ್ಬರಾದರೂ ಇರ್ತಾರೆ, ಅಲ್ವಾ? ಅವರ ಮನೆಗೆ ಇವತ್ತೇ ಒಂದು ಫೋನ್ ಮಾಡಿ. ಯಾವ ಹೊತ್ತಿಗೆ ಬಂದರೆ ಅನುಕೂಲ ಅಂತ ಕೇಳಿ.