ಅಮ್ಮನ ಈಟೀವಿ ಮತ್ತು ಚಿಕೋರಿ ಲೆಕ್ಕ

ನಮ್ಮಮ್ಮ ಇವತ್ತಿಗೂ ಕಲರ್ಸ್ ಕನ್ನಡವನ್ನು ಈಟೀವಿ ಅಂತಲೇ ಕರೆಯುತ್ತಾರೆ. ಹೆಸರು ಬದಲಾಗಿ ಹತ್ತು ವರ್ಷದ ಮೇಲಾಯಿತು. "ಅಮ್ಮಾ, ಅದು ಈಟೀವಿ ಅಲ್ಲ" ಅಂದರೆ, "ನಂಬರ್ ಹಾಕ್ಕೊಡು ಸಾಕು, ಪುರಾಣ ಬೇಡ" ಅನ್ನುತ್ತಾರೆ.

ಕಳೆದ ವಾರ ಚಿಕ್ಕಪ್ಪ, ಚಿಕ್ಕಮ್ಮ ಹಾಸನಕ್ಕೆ ಬಂದಿದ್ದರು. ಚಿಕ್ಕಮ್ಮ ಸ್ಟಾರ್ ಸುವರ್ಣದವರು. ಅಮ್ಮ ಈಟೀವಿಯವರು, ಅಂದರೆ ಕಲರ್ಸ್‌ನವರು. ಸಂಜೆ ಏಳಕ್ಕೆ ಶುರುವಾದ ತಕರಾರು ಊಟದ ಹೊತ್ತಾದರೂ ಮುಗಿಯಲಿಲ್ಲ. ಸಮಾಧಾನ ಮಾಡೋಣ ಅಂತ ನಾನು ದೊಡ್ಡ ಬುದ್ಧಿವಂತನ ಹಾಗೆ, "ಸುಮ್ನೆ ಯಾಕೆ ಜಗಳ ಆಡ್ತೀರಾ, ಎರಡೂ ಈಗ ಒಂದೇ ಮನೆಯವು" ಅಂದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಒಂದೇ ಮನೆ ಆದ್ರೆ ಎರಡು ಸೀರಿಯಲ್ನೂ ಒಂದೇ ಟೈಮಿಗೆ ಯಾಕೋ ಹಾಕ್ತಾರೆ?" ಅಂದರು ಚಿಕ್ಕಮ್ಮ.

ನನ್ನ ಬಾಯಿ ಕಟ್ಟಿತು. ಒಳ್ಳೆಯ ಪ್ರಶ್ನೆ, ಅಲ್ವಾ? ಅವತ್ತಿನಿಂದ ತಲೆಯಲ್ಲಿ ಇದೇ ಓಡುತ್ತಿದೆ. ಅದಕ್ಕೇ ಈ ಉದ್ದನೆಯ ಬರಹ.

ಮೊದಲು ಅಮ್ಮನ ಈಟೀವಿ. 2000ದಲ್ಲಿ ರಾಮೋಜಿರಾವ್ ಅವರು ಈಟೀವಿ ಕನ್ನಡ ಶುರು ಮಾಡಿದರು. ಆಗ ತೆಲುಗಿನ ಈನಾಡು ಪತ್ರಿಕೆ ಅವರದ್ದೇ, ಹೈದರಾಬಾದಿನ ಫಿಲ್ಮ್ ಸಿಟಿ ಅವರದ್ದೇ, ಮಾರ್ಗದರ್ಶಿ ಚಿಟ್ ಫಂಡ್ ಅವರದ್ದೇ, ಪ್ರಿಯಾ ಉಪ್ಪಿನಕಾಯಿಯೂ ಅವರದ್ದೇ. ಎಸ್‌ಪಿಬಿ ಅವರು ಮಕ್ಕಳ ಹಾಡು ಕೇಳಿ ತಿದ್ದುತ್ತಿದ್ದ ಕಾರ್ಯಕ್ರಮ ಬಂದರೆ ನಮ್ಮ ಬೀದಿ ಖಾಲಿ. ಆಮೇಲೆ ರಾಮೋಜಿ ಅವರು ತೆಲುಗನ್ನು ಇಟ್ಟುಕೊಂಡು ಉಳಿದ ಭಾಷೆಗಳ ಚಾನೆಲ್‌ಗಳನ್ನು ನೆಟ್‌ವರ್ಕ್18 ಬಳಗಕ್ಕೆ ಕೊಟ್ಟರು. 2014ರಲ್ಲಿ ನೆಟ್‌ವರ್ಕ್18ಅನ್ನೇ ರಿಲಯನ್ಸ್ ಕೊಂಡುಕೊಂಡಿತು. 2015ರಲ್ಲಿ ಈಟೀವಿ ಕನ್ನಡ ಕಲರ್ಸ್ ಕನ್ನಡ ಆಯಿತು. ಈಟೀವಿಯ ನ್ಯೂಸ್ ಚಾನೆಲ್ ನ್ಯೂಸ್18 ಕನ್ನಡ ಆಯಿತು.

ಚಿಕ್ಕಮ್ಮನ ಸುವರ್ಣದ ಕಥೆ ಇನ್ನೂ ಸುತ್ತು. 2007ರಲ್ಲಿ ಕೇರಳದ ಏಷ್ಯಾನೆಟ್ ಬಳಗದ ಚಾನೆಲ್ ಆಗಿ ಬಂತು. ಮರುವರ್ಷವೇ ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್ ಅವರ ಸ್ಟಾರ್ ಒಳಗೆ ಕಾಲಿಟ್ಟಿತು. 2016ರಲ್ಲಿ ಹೆಸರೇ ಸ್ಟಾರ್ ಸುವರ್ಣ ಆಯಿತು. 2019ರಲ್ಲಿ ಅಮೆರಿಕದ ಡಿಸ್ನಿ ಕಂಪನಿ ಮರ್ಡಾಕ್ ಅವರ ಫಾಕ್ಸ್ ಆಸ್ತಿಯನ್ನು 71 ಬಿಲಿಯನ್ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡಾಗ, ಸ್ಟಾರ್ ಇಂಡಿಯಾ ಕೂಡ ಅದರ ಜೊತೆಗೇ ಹೋಯಿತು. ಮಿಕ್ಕಿ ಮೌಸ್‌ನ ಮನೆಗೆ ನಮ್ಮ ಸುವರ್ಣ ಸೊಸೆಯಾಗಿ ಹೋಯಿತು ಅನ್ನಿ. ಕೊನೆಗೆ 2024ರ ನವೆಂಬರ್ 14ರಂದು ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಭಾರತದ ಚಾನೆಲ್‌ಗಳನ್ನು ಒಟ್ಟು ಮಾಡಿ ಜಿಯೋಸ್ಟಾರ್ ಮಾಡಿದವು. ಡಿಸ್ನಿ ಪೂರ್ತಿ ಎದ್ದು ಹೋಗಿಲ್ಲ, ಶೇ. 36.84 ಪಾಲು ಅವರದ್ದೇ ಇದೆ. ಆದರೆ ಬೀಗದ ಕೈ ರಿಲಯನ್ಸ್ ಹತ್ತಿರ. ಅಧ್ಯಕ್ಷರು ನೀತಾ ಅಂಬಾನಿ.

ಹದಿನೇಳು ವರ್ಷದಲ್ಲಿ ನಾಲ್ಕು ಯಜಮಾನರು. ಚಿಕ್ಕಮ್ಮನಿಗೆ ಒಬ್ಬರ ಸುದ್ದಿಯೂ ಗೊತ್ತಿಲ್ಲ. ಅವರ ತಪ್ಪಲ್ಲ. ಯಾರೂ ಹೇಳಲೇ ಇಲ್ಲ.

ಇಲ್ಲಿ ಇನ್ನೊಂದು ತಮಾಷೆ ಇದೆ. ಸುವರ್ಣ ನ್ಯೂಸ್ ಕೂಡ ಇದೇ ಮನೆಯದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಅಲ್ಲ. ಮನರಂಜನೆಯ ಚಾನೆಲ್ ಸ್ಟಾರ್‌ಗೆ ಹೋದಾಗ ನ್ಯೂಸ್ ಚಾನೆಲ್ ಏಷ್ಯಾನೆಟ್ ಬಳಗದ ರಾಜೀವ್ ಚಂದ್ರಶೇಖರ್ ಅವರ ಹೂಡಿಕೆ ಕಂಪನಿ ಜೂಪಿಟರ್ ಕ್ಯಾಪಿಟಲ್ ಕಡೆಗೇ ಉಳಿಯಿತು. ಒಂದೇ ಹೆಸರು, ಬೇರೆ ಬೇರೆ ಮನೆ. ಅತ್ತ ಕಲರ್ಸ್ ಕನ್ನಡ, ನ್ಯೂಸ್18 ಕನ್ನಡ ನೋಡಿ: ಬೇರೆ ಬೇರೆ ಹೆಸರು, ಹಿಂದೆ ನಿಂತಿರುವುದು ಒಬ್ಬರೇ. ಹೆಸರು ನೋಡಿ ಮನೆ ಗುರುತು ಹಿಡಿಯುತ್ತೇನೆ ಅಂದರೆ ಆಗುವುದಿಲ್ಲ.

ಬಿಗ್ ಬಾಸ್ ನೆನಪಿದೆಯಾ? 2013ರಲ್ಲಿ ಮೊದಲ ಸೀಸನ್ ಈಟೀವಿ ಕನ್ನಡದಲ್ಲಿ. 2014ರಲ್ಲಿ ಎರಡನೆಯದು ಸುವರ್ಣಕ್ಕೆ ಹಾರಿತು. 2015ರಲ್ಲಿ ಮೂರನೆಯದು ಮತ್ತೆ ಹಳೇ ಮನೆಗೆ ಬಂತು, ಆಗ ಅದು ಕಲರ್ಸ್ ಆಗಿತ್ತು. ಮೂರೂ ಕಡೆ ಸುದೀಪ್ ಅವರೇ. ಆಗ ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ತುಕೊಳ್ಳುವ ಪೈಪೋಟಿ ಇತ್ತು. ಈಗ ಆ ಎರಡು ಚಾನೆಲ್ ಒಂದೇ ಸೂರಿನಡಿ. ಹಾರುವುದಾದರೆ ನಡುಮನೆಯಿಂದ ಅಡುಗೆಮನೆಗೆ ಹಾರಬೇಕು ಅಷ್ಟೇ. ಅಂದ ಹಾಗೆ ಆ ಆಟವೂ ನಮ್ಮದಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಬಿಗ್ ಬ್ರದರ್‌ನ ಮರಿ. ಚಾನೆಲ್, ಆಟ, ಹೆಸರು ಎಲ್ಲವೂ ಬಾಡಿಗೆಗೋ ಕ್ರಯಕ್ಕೋ ಸಿಗುವ ಕಾಲ.

ಈಗ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಅವರು ಸುಮ್ಮನೆ ಕಾಫಿ ಕುಡಿಯುತ್ತಾ ನಗುತ್ತಿದ್ದರು. ನಗಲು ಅವರಿಗೆ ಹಕ್ಕಿದೆ. ಇಪ್ಪತ್ತು ವರ್ಷದ ಮೇಲೆ ನಮ್ಮ ಬೀದಿಗೆಲ್ಲ ಕೇಬಲ್ ಕೊಟ್ಟವರು. ಮಹಡಿ ಮೇಲೆ ನಾಲ್ಕು ದೊಡ್ಡ ಡಿಶ್, ಕೆಳಗೆ ಸಣ್ಣ ಕಂಟ್ರೋಲ್ ರೂಮ್, ಕಂಬದಿಂದ ಕಂಬಕ್ಕೆ ಕಪ್ಪು ವಯರ್. ಮಳೆಗಾಲದಲ್ಲಿ ಆಂಪ್ಲಿಫೈಯರ್‌ಗೆ ನೀರು ಹೊಕ್ಕರೆ ರಾತ್ರಿ ಹನ್ನೊಂದಕ್ಕೂ ಏಣಿ ಹೊತ್ತು ಹೊರಡುತ್ತಿದ್ದರು. ಟಾರ್ಚ್ ಹಿಡಿಯುವ ಕೆಲಸ ನನ್ನದು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ, ಅದರ ಮುಂದೆ ಹೋಗುವಾಗಲೆಲ್ಲ ಆ ದೊಡ್ಡ ದೊಡ್ಡ ಆಂಟೆನಾ ತೋರಿಸಿ, "ಆಕಾಶದಲ್ಲಿ ನೋಡ್ಕೊಳೋರು ಅವ್ರು, ನೆಲದ್ ಮೇಲೆ ನೋಡ್ಕೊಳೋನು ನಾನು" ಅನ್ನುತ್ತಿದ್ದರು. ಸುಳ್ಳೇನಲ್ಲ. 1982ರಿಂದ ಇನ್ಸಾಟ್ ಉಪಗ್ರಹಗಳನ್ನು ಕಾಯುತ್ತಿರುವುದು ನಮ್ಮ ಹಾಸನವೇ. ದೂರದರ್ಶನ ಊರೂರಿಗೆ ಹೋದದ್ದು ಆ ಉಪಗ್ರಹಗಳ ಮೂಲಕ.

ಚಿಕ್ಕಪ್ಪನನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ನಮ್ಮ ಬೀದಿಗೆ ಅವರೇ ಅಂಬಾನಿ. ಪಕ್ಕದ ಏರಿಯಾದ ಕೇಬಲ್‌ನವರ ಜೊತೆ ಒಳಒಪ್ಪಂದ ಇತ್ತು: ಮೋರಿ ಆಚೆ ನಿಂದು, ಈಚೆ ನಂದು. ಮೂರನೆಯವನು ವಯರ್ ಎಳೆಯಲು ಬಂದರೆ ಮರುದಿನ ಬೆಳಿಗ್ಗೆ ಆ ವಯರ್ ತುಂಡಾಗಿ ಬಿದ್ದಿರುತ್ತಿತ್ತು. ಯಾರು ಕತ್ತರಿಸಿದರೋ, ದೇವರಿಗೇ ಗೊತ್ತು. ಆದರೆ ಒಂದು ಅನುಕೂಲ ಇತ್ತು. ಯಾವುದಾದರೂ ಪೇ ಚಾನೆಲ್‌ನವರು ರೇಟು ಜಾಸ್ತಿ ಕೇಳಿದರೆ ಚಿಕ್ಕಪ್ಪ ಅದನ್ನು ಕಿತ್ತು ಹಾಕುತ್ತಿದ್ದರು. ಅವರಂಥ ನೂರು ಜನ ಕಿತ್ತು ಹಾಕಿದರೆ ಚಾನೆಲ್‌ನವರೇ ಇಳಿದು ಬರುತ್ತಿದ್ದರು. ದುಡ್ಡು ಕೊಡದವರ ಮನೆಗೆ ವಾರಗಟ್ಟಲೆ ಹೋಗಿ ಬಾಗಿಲು ತಟ್ಟುತ್ತಿದ್ದರೇ ಹೊರತು ಥಟ್ ಅಂತ ಕಟ್ ಮಾಡುತ್ತಿರಲಿಲ್ಲ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ತಮ್ಮದೇ ಲೋಕಲ್ ಚಾನೆಲ್‌ನಲ್ಲಿ ಕ್ಯೂ ಎಲ್ಲಿವರೆಗೆ ಬಂದಿದೆ ಅಂತ ತೋರಿಸುತ್ತಿದ್ದರು. ಅದೊಂದನ್ನೇ ನೋಡಿ ದೇವಸ್ಥಾನಕ್ಕೆ ಹೊರಡುವವರಿದ್ದರು.

ಆಮೇಲೆ ಸೆಟ್‌ಟಾಪ್ ಬಾಕ್ಸ್ ಬಂತು. 2019ರ ಫೆಬ್ರುವರಿಯಲ್ಲಿ ಫೋನು, ಕೇಬಲ್‌ಗಳಿಗೆ ನಿಯಮ ಮಾಡುವ ಸರ್ಕಾರದ ಸಂಸ್ಥೆ ಟ್ರಾಯ್‌ನ ಹೊಸ ದರ ಬಂತು. ಮೊದಲ ನೂರು ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ, ಅದರ ಮೇಲೆ ಪೇ ಚಾನೆಲ್‌ಗಳ ರೇಟು ಬೇರೆ. ನಿಮಗೆ ಬೇಕಾದ್ದು ಮಾತ್ರ ಆರಿಸಿಕೊಳ್ಳಿ ಅಂದರು. ಕೇಳಲು ಚೆನ್ನಾಗಿತ್ತು. ಬೊಕೆಗೆ, ಅಂದರೆ ಹಲವು ಚಾನೆಲ್‌ಗಳ ಒಟ್ಟು ಪ್ಯಾಕಿಗೆ, ಸೇರುವ ಚಾನೆಲ್‌ಗೆ 19 ರೂಪಾಯಿ ಮಿತಿ ಅಂದಾಗ, ಜನ ಜಾಸ್ತಿ ನೋಡುವ ಎಷ್ಟೋ ಚಾನೆಲ್‌ಗಳು ಸರಿಯಾಗಿ 19ಕ್ಕೇ ಬಂದು ಕೂತವು. ಬಿಡಿಯಾಗಿ ಆರಿಸಿದರೆ ದುಬಾರಿ, ಬೊಕೆ ತಗೊಂಡರೆ ಅಗ್ಗ. ಬೊಕೆಯಲ್ಲಿ ನಿಮಗೆ ಬೇಕಾದ ಮಲ್ಲಿಗೆ ಒಂದು, ಉಳಿದದ್ದೆಲ್ಲ ಸೊಪ್ಪು. ಮನೆ ಮನೆಗೂ ಹೋಗಿ ಈ ಲೆಕ್ಕ ಹೇಳಿ ಹೇಳಿ ಚಿಕ್ಕಪ್ಪನ ಗಂಟಲು ಬಿದ್ದುಹೋಯಿತು. ಬೈಗುಳ ತಿಂದದ್ದು ಮಾತ್ರ ಅವರು. ಅದೇ ವರ್ಷ ಎಲ್ಲ ಮಾರಿ ಬೇಲೂರು ಕಡೆ ತೋಟ ನೋಡಿಕೊಂಡು ಇದ್ದಾರೆ.

ಅದಕ್ಕೂ ಸ್ವಲ್ಪ ಮೊದಲು, 2018ರ ಅಕ್ಟೋಬರಿನಲ್ಲಿ, ಇನ್ನೊಂದು ವ್ಯವಹಾರ ಆಗಿತ್ತು. ಕೇಬಲ್ ಉದ್ಯಮದ ಎರಡು ದೊಡ್ಡ ಕಂಪನಿಗಳಾದ ಹ್ಯಾತ್‌ವೇ ಮತ್ತು ಡೆನ್‌ನಲ್ಲಿ ರಿಲಯನ್ಸ್ ದೊಡ್ಡ ಪಾಲು ಕೊಂಡಿತು. ಈಗ ಸಾಲಾಗಿ ಜೋಡಿಸಿ ನೋಡಿ. ಚಾನೆಲ್ ಅವರದ್ದು. ಚಾನೆಲ್ ಬರುವ ಕೇಬಲ್‌ನಲ್ಲಿ ಪಾಲು ಅವರದ್ದು. ಟಿವಿ ಬಿಟ್ಟು ಮೊಬೈಲ್ ಹಿಡಿದರೆ ಸಿಮ್ ಅವರದ್ದು. ಸಿಮ್‌ನಲ್ಲಿ ಓಡುವ ಜಿಯೋಹಾಟ್‌ಸ್ಟಾರ್ ಆಪ್ ಅವರದ್ದು. ಮ್ಯಾಚ್ ಹಾಕಿದರೆ ಮುಂಬೈ ಇಂಡಿಯನ್ಸ್ ಟೀಮೂ ಅವರದ್ದು. ನಮ್ಮ ಆರ್‌ಸಿಬಿ ಒಂದು ಬೇರೆಯವರದ್ದು, ಪುಣ್ಯ.

ಕ್ರಿಕೆಟ್ ಅಂದಮೇಲೆ ಒಂದು ಲೆಕ್ಕ ಹೇಳಲೇಬೇಕು. 2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕು ಹರಾಜಾಯಿತು. ಟಿವಿ ಹಕ್ಕನ್ನು ಸ್ಟಾರ್ 23,575 ಕೋಟಿಗೆ ಕೂಗಿತು. ಮೊಬೈಲಿನ ಹಕ್ಕನ್ನು ರಿಲಯನ್ಸ್ ಬಳಗದ ವಯಾಕಾಂ18 ಕಂಪನಿ 20,500 ಕೋಟಿಗೆ ಹಿಡಿಯಿತು. ಇಬ್ಬರೂ ಎದುರಾಳಿಗಳು. ಆ ಜಿದ್ದಿನಲ್ಲಿ 2023 ಮತ್ತು 2024ರಲ್ಲಿ ರಿಲಯನ್ಸ್‌ನ ಜಿಯೋಸಿನಿಮಾ ಆಪ್‌ನಲ್ಲಿ ಮ್ಯಾಚ್ ಬಿಟ್ಟಿ ಸಿಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ, ಆಟೋದಲ್ಲಿ, ಸಂತೆಯಲ್ಲಿ ತರಕಾರಿ ರಾಶಿಯ ಹಿಂದೆ ಕೂತು ಎಲ್ಲರೂ ನೋಡಿದೆವು. ಆಮೇಲೆ ಇಬ್ಬರೂ ಒಂದಾದರು. 2025ರ ಫೆಬ್ರುವರಿಯಲ್ಲಿ ಜಿಯೋಹಾಟ್‌ಸ್ಟಾರ್ ಬಂತು, ಮೂರು ತಿಂಗಳಿಗೆ 149 ರೂಪಾಯಿಯಿಂದ ಶುರು. ರೀಚಾರ್ಜ್ ಜೊತೆ ಕೊಟ್ಟರು, ಒಪ್ಪುತ್ತೇನೆ. ಅದೂ ಅವರದೇ ರೀಚಾರ್ಜ್ ಅಲ್ವಾ. ಪೈಪೋಟಿ ಕಾಯುವ ಸರ್ಕಾರದ ಸ್ಪರ್ಧಾ ಆಯೋಗ ಇವರು ಒಂದಾಗುವುದಕ್ಕೆ ಕೆಲವು ಷರತ್ತು ಹಾಕಿಯೇ ಒಪ್ಪಿಗೆ ಕೊಟ್ಟಿದೆ ಅನ್ನುವುದೂ ನಿಜ.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಕೊನೆಗೆ ಚಿಕ್ಕಪ್ಪನೇ ಕೊಟ್ಟರು. "ಒಂದೇ ಯಜಮಾನ ಆದ್ರೇನು, ಎರಡು ಅಂಗಡಿ ಬಾಗ್ಲು ಒಂದೇ ಹೊತ್ತಿಗೆ ತೆಗೀತಾನೆ. ಈ ಅಂಗಡಿ ಬೇಡ ಅಂದೋರು ಎದುರು ಅಂಗಡಿಗೆ ಹೋಗ್ತಾರೆ. ಅಡ್ವರ್ಟೈಸ್‌ಮೆಂಟ್ ದುಡ್ಡು ಎರಡು ಕಡೆಯಿಂದ್ಲೂ ಅವನ ಗಲ್ಲಾಕ್ಕೇ ತಾನೇ?"

ಕನ್ನಡದ ಮನರಂಜನೆಗೆ ನಾಲ್ಕು ದೊಡ್ಡ ಬಾಗಿಲು ಅಂತ ನಾವು ತಿಳಿದಿದ್ದೆವು: ಉದಯ, ಜೀ, ಕಲರ್ಸ್, ಸುವರ್ಣ. ಉದಯ ಚೆನ್ನೈನ ಸನ್ ಬಳಗದ್ದು. ಜೀ ಮುಂಬೈಯದ್ದು. ಉಳಿದೆರಡು ಈಗ ಒಂದು. ನಾಲ್ಕು ಬಾಗಿಲು, ಮೂರು ಮನೆ. ಮೂರರಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ಇದರಲ್ಲಿ ಪಿತೂರಿ ಇದೆ ಅಂತ ನಾನು ಹೇಳುತ್ತಿಲ್ಲ. ದುಡ್ಡಿದ್ದವರು ಕೊಂಡರು, ಮಾರುವವರು ಮಾರಿದರು. ಪತ್ರಿಕೆಗಳಲ್ಲೂ ಆಗಿದೆ. ಸಂಕೇಶ್ವರ ಅವರು ಕಟ್ಟಿದ ವಿಜಯ ಕರ್ನಾಟಕ 2006ರಲ್ಲಿ ಟೈಮ್ಸ್ ಬಳಗಕ್ಕೆ ಹೋಯಿತು, 2012ರಲ್ಲಿ ಅವರೇ ವಿಜಯವಾಣಿ ತಂದರು.

ಆದರೆ ಪತ್ರಿಕೆಗೂ ಟಿವಿಗೂ ಒಂದು ವ್ಯತ್ಯಾಸ ಇದೆ. ಪತ್ರಿಕೆಯ ಕೊನೆ ಪುಟದ ಕೆಳಗೆ ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಾರ್ಚ್ ಶುರುವಿನಲ್ಲಿ ಮಾಲೀಕರ ವಿವರದ ಪ್ರಕಟಣೆಯೂ ಬರುತ್ತಿತ್ತು. ಅಪ್ಪ ಅದನ್ನೂ ಬಿಡದೆ ಓದುತ್ತಿದ್ದರು, ಆಗ ನನಗೆ ನಗು. ಮುದ್ರಕರು, ಪ್ರಕಾಶಕರು ಹೆಸರು ಹಾಕಲೇಬೇಕು ಅಂತ ಬ್ರಿಟಿಷರು 1867ರಲ್ಲಿ ಕಾನೂನು ಮಾಡಿದ್ದು ನಮ್ಮ ಮೇಲೆ ಕಣ್ಣಿಡಲು. ಆದರೂ ಓದುಗನಿಗೆ ಯಾರ ಮಾತು ಓದುತ್ತಿದ್ದೇನೆ ಅಂತ ಗೊತ್ತಾಗುತ್ತಿತ್ತು. ಟಿವಿಯಲ್ಲಿ ಅದೆಲ್ಲಿದೆ?

2007ರಲ್ಲಿ ಕಸ್ತೂರಿ ಚಾನೆಲ್ ಬಂದಾಗ ಅದು ಅನಿತಾ ಕುಮಾರಸ್ವಾಮಿ ಅವರದ್ದು ಅಂತ ಹಾಸನದ ಹಸುಗೂಸಿಗೂ ಗೊತ್ತಿತ್ತು. ಅದಕ್ಕೇ ಅದರ ಸುದ್ದಿ ನೋಡುವಾಗ ಬೇಕಾದವರು ಸ್ವಲ್ಪ ಸೇರಿಸಿಕೊಂಡು, ಬೇಡವಾದವರು ಸ್ವಲ್ಪ ಕಳೆದುಕೊಂಡು ನೋಡುತ್ತಿದ್ದರು. ಯಾರಿಗೂ ಮೋಸ ಆಗಲಿಲ್ಲ. ಮನೆ ಗೊತ್ತಿದ್ದರೆ ಸಾಕು, ಲೆಕ್ಕ ನಾವೇ ಹಾಕುತ್ತೇವೆ.

ನಮ್ಮ ಕಡೆಯ ಕಾಫಿಪುಡಿ ಪ್ಯಾಕೆಟ್ ತಿರುಗಿಸಿ ನೋಡಿ. ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಬರೆದಿರುತ್ತದೆ. ಬರೆಯಲೇಬೇಕು, ಕಾನೂನಿದೆ. ಚಿಕೋರಿ ಹಾಕಬೇಡಿ ಅಂತ ಯಾರೂ ಹೇಳಿಲ್ಲ. ನಮ್ಮಮ್ಮನಿಗೆ ಚಿಕೋರಿ ಇಲ್ಲದಿದ್ದರೆ ಕಾಫಿಯೇ ಅಲ್ಲ. ಎಷ್ಟಿದೆ ಅಂತ ಹೇಳಿ ಅಷ್ಟೇ. ನಾನು ಕೇಳುವುದೂ ಇಷ್ಟೇ. ಪ್ರತಿ ಚಾನೆಲ್, ಮುಖ್ಯವಾಗಿ ನ್ಯೂಸ್ ಚಾನೆಲ್, ಗಂಟೆಗೊಮ್ಮೆ ಪರದೆ ಮೇಲೆ ಒಂದು ಸಾಲು ಹಾಕಲಿ. ಈ ಚಾನೆಲ್ ಇಂಥವರದ್ದು, ಇವರಿಗೆ ಇಂಥಿಂಥ ವ್ಯವಹಾರ ಇದೆ. ಪೆಟ್ರೋಲ್ ಇದೆ, ಸಿಮ್ ಇದೆ, ಅಂಗಡಿ ಇದೆ, ಟೀಮ್ ಇದೆ, ಅಥವಾ ಪಕ್ಷ ಇದೆ. ಅಚ್ಚ ಕನ್ನಡದಲ್ಲಿ, ಓದುವಷ್ಟು ಹೊತ್ತು. ಹಾಗೇ ಒಂದೇ ಯಜಮಾನರ ಚಾನೆಲ್‌ಗಳನ್ನು ಬಿಲ್ಲಿನಲ್ಲಿ ಒಂದೇ ಕಡೆ ಬರೆಯಲಿ.

ಈ ಐಡಿಯಾವನ್ನು ಬಹಳ ಹುಮ್ಮಸ್ಸಿನಿಂದ ಅಮ್ಮನಿಗೆ ಹೇಳಿದೆ. ಅವರು ಬ್ರೇಕ್ ಮುಗಿಯುವವರೆಗೆ ಕೇಳಿದರು.

"ಈಗಾಗ್ಲೇ ಒಂದು ಮೂಲೇಲಿ ಚಾನೆಲ್ ಗುರುತು, ಇನ್ನೊಂದು ಮೂಲೇಲಿ ಮುಂದಿನ ಸೀರಿಯಲ್ ಫೋಟೋ, ಕೆಳಗೆ ಸೋಪಿಂದು. ಆ ಹುಡುಗಿ ಅತ್ರೆ ಮುಖಾನೇ ಕಾಣಲ್ಲ ಕಣೋ" ಅಂದರು. "ನೀನು ಹೇಳಿದ್ದನ್ನ ಎಲ್ಲಿ ಹಾಕ್ತಾರೆ?"