ಕರೆಂಟ್ ಹೋದ್ರೆ ಕಿವಿಯೂ ಹೋಯ್ತು

ದಾವಣಗೆರೆಯ ನಮ್ಮ ಓಣೀಲಿ ಕರೆಂಟ್ ಹೋಗಿದ್ದು ಗೊತ್ತಾಗೋದು ಎದುರಿನ ಹೋಟೆಲ್ಲಿನ ಜನರೇಟರ್ ಗುಡುಗಿದಾಗ. ಬರೀ ಕಲ್ಲಿನ ಮೇಲೆ ಕೂರಿಸಿದ್ದಾರೆ, ಕೆಳಗೊಂದು ರಬ್ಬರ್ ಪ್ಯಾಡ್ ಇಲ್ಲ. ನಡುಕ ಗೋಡೆಗೆ ಹತ್ತಿ ನಮ್ಮನೆ ಸ್ಟೀಲ್ ಲೋಟಗಳೆಲ್ಲ ಕಿಣಿಕಿಣಿ. ಸೈಲೆನ್ಸರ್ ತೂತು ಬಿದ್ದು ಯಾವ ಕಾಲವಾಯ್ತೋ! ಶಬ್ದ ತಡೆಯೋ ಡಬ್ಬಿಯೇನೋ ಇದೆ. "ಬಿಸಿಯಾಗುತ್ತೆ ಸಾರ್" ಅಂತ ಅದರ ಬಾಗಿಲು ಸದಾ ತೆರೆದೇ. ಗಾಳಿಯಾಡೋಕೆ ಅದರಲ್ಲೇ ಜಾಗ ಬಿಟ್ಟಿರ್ತಾರೆ ಕಣ್ರೀ! 2005ರಿಂದೀಚೆಗೆ ತಯಾರಾದ ಇಂಥ ಡೀಸೆಲ್ ಜನರೇಟರ್‌ಗೆ ಡಬ್ಬಿಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮಿತಿ ಅಂತ ನಿಯಮ. ಬಾಗಿಲೇ ತೆಗೆದಿಟ್ರೆ ಎಲ್ಲಿಯ ಮಿತಿ? ಕೇಳೋಕೆ ಹೋದ್ರೆ "ಬನ್ನಿ, ದೋಸೆ ತಿನ್ನಿ" ಅಂತಾರೆ. ಆ ಗದ್ದಲದಲ್ಲಿ ನಾನು ಬೆಣ್ಣೆ ದೋಸೆ ಅಂತ ಕೂಗಿದ್ದಕ್ಕೆ ಹುಡುಗ ಖಾಲಿ ದೋಸೆ ತಂದಿಟ್ಟ.